ಹದ್ದಿನ ಕಿವಿಯವಳು

ನಮ್ಮ ಅಕ್ಕ ಶಿವನಾಗಮ್ಮನ ಕಿವಿಯೊಳಗೆ ಒಂದು ರಣಹದ್ದಿನ ಎದೆ ಬಡಿಯುತ್ತಿತ್ತು. ನನ್ನ ಕಿವಿಗೆ ಬಂದದ್ದು ಮುಂಗುಸಿ. ನಮ್ಮೂರಲ್ಲಿ ಹುಟ್ಟಿದವರು ಯಾರನ್ನು ಕೇಳಿದರೂ ಹೀಗೇ ಒಂದು ಹೆಸರು ಹೇಳುತ್ತಾರೆ. ಟೈಲರ್ ಪುಟ್ಟಬಸಪ್ಪನಿಗೆ ಕಾಡುಕೋಣ, ಬಳೆ ಅಂಗಡಿಯ ರಾಜಮ್ಮಣ್ಣಿಗೆ ಬಾವಲಿ, ಹೈಸ್ಕೂಲಿನ ಹೆಡ್‌ಮಾಸ್ಟರಿಗೆ ಮುಳ್ಳುಹಂದಿ. ಊರ ಸುತ್ತಲಿನ ಕುರುಚಲು ಕಾಡಿನಲ್ಲೋ ಕಲ್ಲುಗುಡ್ಡದಲ್ಲೋ ತನ್ನ ಪಾಡಿಗೆ ಓಡಾಡಿಕೊಂಡಿರುವ ಒಂದು ಜೀವದ ಎದೆಬಡಿತ ನಮ್ಮ ಕಿವಿಯಲ್ಲಿ ಸದಾ ಕೇಳುತ್ತಿರುತ್ತದೆ. ಗೋಡೆ ಗಡಿಯಾರದ ಸದ್ದಿಗೆ ಮನೆಯವರು ಒಗ್ಗಿಹೋಗುವ ಹಾಗೆ ನಾವೂ ಒಗ್ಗಿಹೋಗಿದ್ದೇವೆ. ಬಾವಲಿ ಕಿವಿಯವರು ಗಡಿಬಿಡಿಯಲ್ಲಿ ಮಾತಾಡುತ್ತಾರೆ. ಬಸ್ ಓಡಿಸುವ ಕೆಲಸಕ್ಕೆ ಆನೆ ಕಿವಿಯವರನ್ನೇ ಮೊದಲು ಕರೆಯುತ್ತಾರೆ. ಪರೀಕ್ಷೆಯ ನಡುವೆ ಯಾವುದಾದರೂ ಹುಡುಗಿಯ ಜಿಂಕೆ ಬೆದರಿ ಓಡಿದರೆ, ಮೇಷ್ಟ್ರು ಅವಳಿಗೆ ಸ್ವಲ್ಪ ಹೊತ್ತು ಜಾಸ್ತಿ ಕೊಡುತ್ತಾರೆ.

ಆದರೆ ರಣಹದ್ದೆಂದರೆ ಯಾರಿಗೂ ಆಗುತ್ತಿರಲಿಲ್ಲ. ಅಕ್ಕನನ್ನು ನೋಡಲು ಬಂದ ಗಂಡಿನ ಕಡೆಯವರು ಮೈಬಣ್ಣ, ಓದು, ಅಡುಗೆ ಎಲ್ಲ ವಿಚಾರಿಸಿ ಕೊನೆಗೆ, "ಹುಡುಗಿ ಕಿವಿ ಯಾವುದು?" ಅನ್ನುತ್ತಿದ್ದರು. ಅವ್ವ ಸೆರಗು ಹಿಂಡುತ್ತ ಹೇಳಿದ ಮೇಲೆ ಉಪ್ಪಿಟ್ಟಿನ ತಟ್ಟೆ ಅರ್ಧಕ್ಕೇ ಕೆಳಗಿಳಿಯುತ್ತಿತ್ತು. "ಹೆಣ ತಿನ್ನೋ ಹಕ್ಕಿ ಗುಂಡಿಗೆ ಇಟ್ಕಂಡಿರೋಳ್ನ ಮನೆಗೆ ಹೆಂಗವ್ವ ತುಂಬಿಸ್ಕಳದು?" ಎಂದು ಒಬ್ಬಾಕೆ ಬಾಗಿಲಲ್ಲೇ ನಿಂತು ಕೇಳಿದ್ದಳು. ಅಕ್ಕ ಅವತ್ತೇ, ಇನ್ನು ಯಾರನ್ನೂ ಕರೆಸಬೇಡಿ ಅಂದಳು. ಅಪ್ಪನ ಹಿಂದೆ ಬಿದ್ದು ಬಸ್ ನಿಲ್ದಾಣದ ಬಳಿ ಹಿಟ್ಟಿನ ಗಿರಣಿ ಹಾಕಿಸಿಕೊಂಡಳು. ಬೆಳಿಗ್ಗೆಯಿಂದ ಸಂಜೆಯವರೆಗೆ ರಾಗಿ, ಜೋಳ, ಮೆಣಸಿನಕಾಯಿ. ತಲೆಗೂದಲು, ಹುಬ್ಬು, ರೆಪ್ಪೆ ಎಲ್ಲ ಬೆಳ್ಳಗೆ. ಆ ಗಿರಣಿಯ ಗದ್ದಲದಲ್ಲಿ ಹದ್ದಿನ ಸದ್ದು ಮುಚ್ಚಿಹೋಗಲಿ ಎಂದೇ ಅವಳು ಆ ಕೆಲಸ ಹಿಡಿದಳೆಂದು ಊರವರು ತಿಳಿದುಕೊಂಡರು. ನಾನೂ ಹಾಗೇ ತಿಳಿದಿದ್ದೆ. ಒಂದು ಸಲ ಕೇಳಿಯೇಬಿಟ್ಟೆ. ಅಕ್ಕ ನಕ್ಕುಬಿಟ್ಟಳು.

"ಗಿರಣಿ ಹೊರಗಡೆ ಕಣೆ, ಅದು ಒಳಗಡೆ. ಒಂದಕ್ಕೊಂದು ತಾಕಲ್ಲ. ಹದ್ದು ಮೇಲಕ್ಕೋದಾಗ ಬಡಿತ ಎಷ್ಟು ನಿಧಾನ ಆಯ್ತದೆ ಗೊತ್ತಾ ದಾಕ್ಷಿ? ರೆಕ್ಕೆನೂ ಆಡಿಸ್ದೆ ಸುಮ್ನೆ ತೇಲ್ತಾ ಇರ್ತದೆ. ಆಗ ನನ್ ತಲೇಲಿ ಒಂದು ಯೋಚ್ನೆನೂ ಇರಲ್ಲ. ನಿಮ್ಗೆಲ್ಲ ಅದು ಎಲ್ಲಿ ಸಿಗ್ಬೇಕು."

ಪ್ರಾಣಿ ಸತ್ತರೆ ಅದರವರ ಕಿವಿ ಖಾಲಿಯಾಗುತ್ತದೆ. ಆಗ ಅಕ್ಕಪಕ್ಕದವರು ಸರದಿಯ ಮೇಲೆ ಬಂದು ಕೂತು ಏನಾದರೂ ಮಾತಾಡುತ್ತಿರುತ್ತಾರೆ, ಅವರು ಮೌನಕ್ಕೆ ಸಿಕ್ಕಿಕೊಳ್ಳದಿರಲಿ ಎಂದು. ಅದೇ ಜಾತಿಯ ಮರಿಯೊಂದು ಕಾಡಿನಲ್ಲಿ ಜೀವ ತಳೆದರೆ ಕಿವಿ ಮತ್ತೆ ತುಂಬುತ್ತದೆ. ನನ್ನ ಮುಂಗುಸಿಯೇ ಎಷ್ಟೋ ಸಲ ಬದಲಾಗಿದೆ. ಆದರೆ ಹದ್ದಿನ ಕಿವಿಯವರ ಕಿವಿಗಳು ಒಂದೊಂದಾಗಿ ಖಾಲಿಯಾಗತೊಡಗಿದ ಆ ವರ್ಷಗಳಲ್ಲಿ ಒಂದೂ ಮತ್ತೆ ತುಂಬಲಿಲ್ಲ. ಮಾತಾಡಲು ಬಂದು ಕೂತವರಿಗೆ ಮಾತು ಮುಗಿಯಿತು. ಅವರೂ ಬರುವುದು ಬಿಟ್ಟರು. ಔಷಧಿ ಅಂಗಡಿ ಪ್ರಭುಸ್ವಾಮಿಯ ತಾಯಿ ಗುರುಸಿದ್ದಮ್ಮ ನಿದ್ದೆ, ಊಟ ಎರಡನ್ನೂ ಕಳೆದುಕೊಂಡು ಒಣಗಿಹೋದರು. ತಿಂಗಳಿಗೊಮ್ಮೆ ಅವರ ರಕ್ತದೊತ್ತಡ ನೋಡಲು ನಾನು ಹೋಗುತ್ತಿದ್ದೆ. ನಾನು ಊರಿನ ಆಸ್ಪತ್ರೆಯಲ್ಲಿ ನರ್ಸು. "ಮನೆಯಿಂದ ಎಲ್ಲಾರೂ ಎದ್ದೋದಂಗದೆ ಕಣವ್ವ," ಅನ್ನುತ್ತಿದ್ದರು. "ಬಾಗ್ಲು ಮಾತ್ರ ತೆಗ್ದೇ ಐತೆ."

ಹದ್ದುಗಳು ಕಡಿಮೆಯಾದದ್ದಕ್ಕೆ ಊರವರು ಮೊದಮೊದಲು ಬೇಸರಪಡಲಿಲ್ಲ. ಆಮೇಲೆ ಹೊಳೆಯಾಚೆ ಸತ್ತ ದನ ಎಸೆಯುವ ಬಯಲು ನಾರತೊಡಗಿತು. ಮುಂಚೆ ಒಂದು ಎತ್ತು ಬಿದ್ದರೆ ಸಂಜೆಯೊಳಗೆ ಬರೀ ಮೂಳೆ ಉಳಿಯುತ್ತಿತ್ತು. ಈಗ ವಾರವಾದರೂ ಹೆಣ ಹಾಗೇ ಊದಿಕೊಂಡು ಬಿದ್ದಿರುತ್ತಿತ್ತು. ಅದನ್ನು ತಿನ್ನಲು ನಾಯಿಗಳು ಬಂದವು, ಮರಿಹಾಕಿದವು, ಬೀದಿಗೆ ಹಿಂಡುಹಿಂಡಾಗಿ ಇಳಿದವು. ನನ್ನ ಡ್ಯೂಟಿಯಲ್ಲಿ ನಾಯಿ ಕಚ್ಚಿದವರ ಸಾಲು ಹೆರಿಗೆಯವರ ಸಾಲಿಗಿಂತ ಉದ್ದವಾಯಿತು. ಬಟ್ಟೆ ಅಂಗಡಿಯ ಮರಿಸ್ವಾಮಿ ಕಾಲಿಗಾದ ನಾಯಿ ಹಲ್ಲಿನ ಗೀರನ್ನು ಯಾರಿಗೂ ತೋರಿಸದೆ ಅರಿಶಿನ ಮೆತ್ತಿಕೊಂಡಿದ್ದ. ಅವನನ್ನು ಆಸ್ಪತ್ರೆಗೆ ತಂದ ದಿನ ನೀರಿನ ಲೋಟ ಕಂಡರೇ ಅವನ ಕುತ್ತಿಗೆಯ ನರಗಳೆಲ್ಲ ಸೆಟೆದುಕೊಳ್ಳುತ್ತಿದ್ದವು. ಹೆಂಡತಿಗೆ, "ನೀನು ಮಕ್ಕಳನ್ನ ಕರ್ಕೊಂಡು ದೂರ ನಿಂತ್ಕೊ," ಎಂದು ಹೇಳುವಷ್ಟು ಬುದ್ಧಿ ಇತ್ತು. ಆಮೇಲೆ ಅದೂ ಇರಲಿಲ್ಲ, ಅವನೂ ಉಳಿಯಲಿಲ್ಲ. ಅವನ ಕಿವಿಯಲ್ಲಿದ್ದದ್ದು ಮೊಲ. ಆ ಮೊಲ ಕಾಡಿನಲ್ಲಿ ಆರಾಮವಾಗಿಯೇ ಇದ್ದಿರಬೇಕು.

ಡಾಕ್ಟರ್ ತಬಸ್ಸುಮ್ ನಮ್ಮೂರ ದನದ ಆಸ್ಪತ್ರೆಗೆ ಬಂದದ್ದು ಅದೇ ಬೇಸಿಗೆ. ಹೊರಗಿನವರಾದ್ದರಿಂದ ಅವರ ಕಿವಿಯಲ್ಲಿ ಯಾವ ಜೀವವೂ ಇರಲಿಲ್ಲ. ಸಣ್ಣ ಆಳು, ದೊಡ್ಡ ಕನ್ನಡಕ, ಸ್ಕೂಟರಿನ ಹಿಂದೆ ಯಾವಾಗಲೂ ಒಂದು ನೀಲಿ ಡಬ್ಬ. ಹೆಣದ ಬಯಲಿನಲ್ಲಿ ಸತ್ತುಬಿದ್ದ ಹದ್ದುಗಳನ್ನು ಆ ಡಬ್ಬದಲ್ಲಿ ತರುತ್ತಿದ್ದರು. ಮೂಗು ಮುಚ್ಚಿಕೊಂಡವರ ಎದುರೇ ಆಸ್ಪತ್ರೆಯ ಹಿಂದಿನ ಕಟ್ಟೆಯ ಮೇಲೆ ಹರಡಿ, ಕುಯ್ದು ನೋಡುತ್ತಿದ್ದರು. ಕೈಗವಸು ಮುಗಿದುಹೋದಾಗ ನಮ್ಮ ಆಸ್ಪತ್ರೆಯಿಂದ ತರಲು ಬರುತ್ತಿದ್ದರು. ಹಾಗೆ ನನಗೆ ಪರಿಚಯ. ಒಂದು ಮಧ್ಯಾಹ್ನ, "ಬನ್ನಿ ಸಿಸ್ಟರ್, ಒಂದು ತೋರಿಸ್ತೀನಿ," ಎಂದು ಕರೆದುಕೊಂಡು ಹೋದರು. ಹಕ್ಕಿಯ ಎದೆ ತೆರೆದಿತ್ತು. ಗುಂಡಿಗೆಯ ಮೇಲೆ, ಪಿತ್ತಜನಕಾಂಗದ ಮೇಲೆ, ಎಲ್ಲ ಕಡೆ ಯಾರೋ ಸುಣ್ಣ ಬಳಿದ ಹಾಗೆ ಬಿಳಿ ಹಿಟ್ಟು.

"ಮೂತ್ರದಲ್ಲಿ ಆಚೆ ಹೋಗಬೇಕಾದ್ದು ಒಳಗೇ ಗಟ್ಟಿಯಾಗಿ ಕೂತುಬಿಟ್ಟಿದೆ. ಮೂತ್ರಪಿಂಡ ಕೆಲಸ ನಿಲ್ಲಿಸಿದೆ. ನಾನು ತೆಗೆದ ಹಕ್ಕಿಗಳಲ್ಲಿ ಹೆಚ್ಚುಕಮ್ಮಿ ಎಲ್ಲದರಲ್ಲೂ ಹೀಗೇ. ಇದು ರೋಗ ಅಲ್ಲ ಸಿಸ್ಟರ್, ವಿಷ."

"ಯಾರು ಮೇಡಂ ಹದ್ದಿಗೆ ವಿಷ ಹಾಕ್ತಾರೆ?"

"ಯಾರೂ ಹಾಕಿಲ್ಲ. ಅದೇ ನೋಡಿ ಕಷ್ಟ."

ಅವರು ಹದ್ದು ತಿಂದ ದನಗಳ ಹಿಂದೆ ಬಿದ್ದರು. ಯಾರ ಮನೆಯ ಎತ್ತು, ಸಾಯುವ ಮುಂಚೆ ಏನು ಕೊಟ್ಟಿದ್ದಿರಿ ಎಂದು ಕೊಟ್ಟಿಗೆ ಕೊಟ್ಟಿಗೆ ತಿರುಗಿದರು. ಎಲ್ಲ ದಾರಿಗಳೂ ಒಂದೇ ನೋವಿನ ಇಂಜೆಕ್ಷನ್ನಿಗೆ ಹೋಗಿ ಸೇರಿದವು. ಕಾಲು ಊದಿ ಮಲಗಿದ ಎತ್ತು ಆ ಸೂಜಿ ಬಿದ್ದ ಮರುದಿನವೇ ಎದ್ದು ನಿಲ್ಲುತ್ತಿತ್ತು. ಊರಿನಲ್ಲಿ ಅದಕ್ಕೆ "ಏಳಿಸೋ ಮದ್ದು" ಎಂದೇ ಹೆಸರು. ದನಕ್ಕೆ ಅದರಿಂದ ಏನೂ ಆಗುತ್ತಿರಲಿಲ್ಲ. ಆದರೆ ಆ ದನ ಬೇರೆ ಕಾರಣಕ್ಕೆ ಸತ್ತರೆ, ಮಾಂಸದಲ್ಲಿ ಉಳಿದ ಚೂರು ಮದ್ದು ಹದ್ದಿನ ಪಾಲಿಗೆ ಮೃತ್ಯುವಾಗುತ್ತಿತ್ತು. ಒಂದು ಹೆಣಕ್ಕೆ ಹಿಂಡು ಹಿಂಡೇ ಇಳಿಯುವ ಹಕ್ಕಿ ಅದು. ಒಂದು ಎತ್ತು ಸಾಕು.

ಪಂಚಾಯಿತಿ ಕಟ್ಟೆಯಲ್ಲಿ ತಬಸ್ಸುಮ್ ಇದನ್ನು ಹೇಳಿದಾಗ ಜನ ಕೇಳಿಸಿಕೊಂಡರು. ಬೈಯಲಿಲ್ಲ. ಆದರೆ ಟೈಲರ್ ಪುಟ್ಟಬಸಪ್ಪ ಎದ್ದು ನಿಂತು, "ಡಾಕ್ಟ್ರಮ್ಮ, ನೀವು ಹೇಳದು ದಿಟವೇ ಇರಬೋದು. ಉಳೋ ಹೊತ್ತಲ್ಲಿ ನಮ್ಮಣ್ಣನ ಎತ್ತು ಮಲಿಕಂಡ್ರೆ ನಾನು ಹದ್ದಿನ ಮಕ ನೋಡ್ಲಾ, ಎತ್ತಿನ ಮಕ ನೋಡ್ಲಾ?" ಅಂದ. ತಬಸ್ಸುಮ್ ಅವನ ಕಡೆ ತಿರುಗಿದರು. "ಎತ್ತು ಏಳಬೇಕು, ಹದ್ದೂ ಬದುಕಬೇಕು. ಅಂಥ ಮದ್ದು ಹುಡುಕಿಕೊಂಡು ಬರ್ತೀನಿ," ಎಂದು ಹೇಳಿ ಕೂತರು.

ಅಂಥದ್ದೊಂದು ಇತ್ತು. ಬೇರೆ ಬೇರೆ ಕಡೆಯ ಪ್ರಯೋಗಶಾಲೆಗಳಲ್ಲಿ ಅದನ್ನು ಕಾಗೆಗೆ, ಗರುಡಕ್ಕೆ, ಕೊಕ್ಕರೆಗೆ ಕೊಟ್ಟು ನೋಡಿದ್ದರು. ಏನೂ ಆಗಿರಲಿಲ್ಲ. ನಮ್ಮ ಗುಡ್ಡದ ಹದ್ದಿನ ಜಾತಿಗೆ ಮಾತ್ರ ಯಾರೂ ಕೊಟ್ಟಿರಲಿಲ್ಲ, ಕೊಡದೆ ಗೊತ್ತಾಗುವುದೂ ಸಾಧ್ಯವಿರಲಿಲ್ಲ. ಅಷ್ಟರಲ್ಲಿ ಗುಡ್ಡದ ಮೇಲೆ ಹದ್ದುಗಳು ಬೆರಳೆಣಿಕೆಯಷ್ಟು ಉಳಿದಿದ್ದವು. ಅಂಥ ಹೊತ್ತಿನಲ್ಲಿ ಕೆರೆಯ ಏರಿಯ ಬಳಿ ಬಿಸಿಲಿಗೆ ಬಳಲಿ ಬಿದ್ದ ಒಂದು ಹದ್ದು ಸಿಕ್ಕಿತು. ತಬಸ್ಸುಮ್ ಅದನ್ನು ತಂದು, ಬಲೆ ಕಟ್ಟಿದ ದೊಡ್ಡ ಕೋಣೆಯಲ್ಲಿಟ್ಟು, ನೀರು ಕುಡಿಸಿ, ಮದ್ದು ತಾಕದ ಮಾಂಸ ತಿನ್ನಿಸಿ ಬದುಕಿಸಿದರು. ಹಕ್ಕಿ ಸುಧಾರಿಸಿಕೊಂಡು ಮೊದಲ ಸಲ ರೆಕ್ಕೆ ಬಡಿದು ಬಲೆಗೆ ಹಾರಿದ ಬೆಳಿಗ್ಗೆ, ಅಕ್ಕ ಗಿರಣಿ ನಿಲ್ಲಿಸಿ, ಹಿಟ್ಟು ಮೆತ್ತಿದ ಮುಖದಲ್ಲೇ ಆ ಕೋಣೆಯ ಹೊರಗೋಡೆಯವರೆಗೆ ಓಡಿಬಂದಳು. ಒಳಗೆ ಇಣುಕದೆ, ರೆಕ್ಕೆಯ ಸದ್ದಿಗೂ ತನ್ನ ಕಿವಿಯ ಬಡಿತಕ್ಕೂ ತಾಳೆ ನೋಡಿ, ಏದುಸಿರು ಬಿಡುತ್ತ, "ಅದು ನಂದು," ಅಂದಳು.

ಎರಡು ದಿನ ಬಿಟ್ಟು ತಬಸ್ಸುಮ್ ನಮ್ಮ ಮನೆಗೆ ಬಂದರು. ಚಾಪೆಯ ಮೇಲೆ ಕೂತು, ಕಾಫಿ ಲೋಟ ಕೈಯಲ್ಲಿ ಹಿಡಿದು, ಏನನ್ನೂ ಮುಚ್ಚಿಡದೆ ಹೇಳಿದರು. "ಹೊಸ ಮದ್ದು ಕೊಟ್ಟ ಎಮ್ಮೆಯ ಮಾಂಸ ನಿಮ್ಮ ಹಕ್ಕಿಗೆ ತಿನ್ನಿಸಬೇಕು. ನನ್ನ ಲೆಕ್ಕದಲ್ಲಿ ಅದಕ್ಕೇನೂ ಆಗಬಾರದು. ಆದರೆ ಆಗಬಾರದು ಅನ್ನೋದಕ್ಕೂ ಆಗಲ್ಲ ಅನ್ನೋದಕ್ಕೂ ವ್ಯತ್ಯಾಸ ಇದೆ ಶಿವನಾಗಮ್ಮನೋರೇ. ಒಂದು ಸಲ ತಿಂದ ಮೇಲೆ ವಾಪಸ್ ತೆಗೆಯೋಕೆ ಬರಲ್ಲ."

"ಸತ್ತೋದ್ರೆ?"

"ನಿಮ್ಮ ಕಿವಿ ಮತ್ತೆ ತುಂಬೋ ಹಾಗಿಲ್ಲ. ಸುಳ್ಳು ಹೇಳಲ್ಲ."

ಅಕ್ಕ ರೆಪ್ಪೆಯ ಮೇಲಿನ ಹಿಟ್ಟನ್ನು ಸೆರಗಿನಿಂದ ಒರೆಸಿಕೊಂಡಳು. ಆಮೇಲೆ, "ಇಲ್ಲ ಮೇಡಂ. ಗಂಡ ಇಲ್ಲ, ಮಕ್ಕಳಿಲ್ಲ. ನಂಗಿರೋದು ಅದೊಂದೇ," ಅಂದಳು. ನಾನು ತಬಸ್ಸುಮ್ ಏನಾದರೂ ವಾದಿಸುತ್ತಾರೆ ಅಂದುಕೊಂಡೆ. ಊರಿನ ಹಿತ, ನಾಯಿ ಕಡಿತ, ಮರಿಸ್ವಾಮಿ, ಯಾವುದನ್ನಾದರೂ ಎತ್ತಬಹುದಿತ್ತು. ಅವರು ಎತ್ತಲಿಲ್ಲ. "ಸರಿ. ನಾಳಿದ್ದು ಅದನ್ನ ಗುಡ್ಡದ ಕಡೆ ಬಿಟ್ಟುಬಿಡ್ತೀನಿ. ಅದಕ್ಕೆ ಮುಂಚೆ ಒಂದು ಸಲ ಬಂದು ನೋಡ್ಕೊಂಡು ಹೋಗಿ. ಹುಟ್ಟಿದಾಗಿಂದ ಕೇಳಿಸ್ಕೊಂಡಿದೀರ, ಹತ್ತಿರದಿಂದ ನೋಡಿಲ್ಲ ತಾನೆ?" ಎಂದರು. ಕಾಫಿ ಪೂರ್ತಿ ಕುಡಿದು, ಚೆನ್ನಾಗಿತ್ತು ಎಂದು ಹೇಳಿಯೇ ಎದ್ದರು.

ಮಾರನೆಯ ದಿನ ಅಕ್ಕನ ಜೊತೆ ನಾನೂ ಹೋದೆ. ಬಲೆಯಾಚೆ, ಕಲ್ಲಿನ ಮೇಲೆ ಅದು ಕೂತಿತ್ತು. ಬೋಳು ಕತ್ತು, ಜೋತುಬಿದ್ದ ಚರ್ಮ, ಹೆಗಲ ಮೇಲೆ ಹಳೇ ಕಂಬಳಿ ಹೊದ್ದ ಹಾಗೆ ಪುಕ್ಕ. ಅಕ್ಕ ಬಾಯಿಗೆ ಸೆರಗು ಅಡ್ಡ ಹಿಡಿದು ನಗಲು ಶುರುಮಾಡಿದಳು. "ಅಯ್ಯೋ ನಿನ್ನ! ಇಷ್ಟು ಕುರೂಪಿನಾ ನೀನು? ನಾನು ಏನೇನೋ ಅಂದ್ಕಂಡಿದ್ನಲ್ಲೋ!" ಹದ್ದು ತಲೆ ಓರೆ ಮಾಡಿ ಅವಳನ್ನು ನೋಡಿತು. ನಗುತ್ತಿದ್ದವಳ ಕಣ್ಣಲ್ಲಿ ನೀರು ತುಂಬಿತು. ಬಲೆಯ ಹತ್ತಿರವೇ ನೆಲದ ಮೇಲೆ ಕೂತುಬಿಟ್ಟಳು. ನನಗೆ ಗಿರಣಿ ತೆರೆಯುವ ಹೊತ್ತಾಯಿತೆಂದು ನೆನಪಿಸಬೇಕೆನ್ನಿಸಿತು, ನೆನಪಿಸಲಿಲ್ಲ. ಬಿಸಿಲು ಏರಿದ ಮೇಲೆ ಎದ್ದು, ನೇರ ತಬಸ್ಸುಮ್ ಇದ್ದ ಕೋಣೆಗೆ ಹೋದಳು.

"ಗುಡ್ಡಕ್ಕೆ ಬಿಟ್ರೆ ಇನ್ನೊಂದು ಹೆಣದ ಮೇಲೆ ಇಳೀತದೆ. ಅದ್ರಲ್ಲಿ ಏಳಿಸೋ ಮದ್ದು ಇತ್ತು ಅಂದ್ರೆ ಮುಗೀತು. ನಾನು ಗಿರಣೀಲಿ ಹಿಟ್ಟು ಅಳೀತಾ ಇರೋವಾಗ ಯಾವತ್ತೋ ಒಂದಿನ ಸುಮ್ನೆ ನಿಂತೋಯ್ತದೆ. ಅಲ್ವಾ ಮೇಡಂ?"

"ಹೌದಮ್ಮ."

"ಹಂಗಾದ್ರೆ ಕೊಡಿ. ಆದ್ರೆ ನಾನು ಇಲ್ಲೇ ಕೂತಿರ್ತೀನಿ. ಏನಾದ್ರೂ ಆದ್ರೆ ಅದು ಒಂಟಿಯಾಗಿರಬಾರ್ದು."

ಅಕ್ಕ ಗಿರಣಿಗೆ ಬೀಗ ಹಾಕಿದಳು. ಅವಳು ಹಾಗೆ ಬೀಗ ಹಾಕಿದ್ದು ಅವ್ವ ತೀರಿಕೊಂಡಾಗ ಬಿಟ್ಟರೆ ಅದೇ ಮೊದಲು. ಹದ್ದು ಮಾಂಸವನ್ನು ಕಿತ್ತು ಕಿತ್ತು ತಿಂದಿತು. ಬಲೆಯ ಈಚೆ ಅಕ್ಕ ಮಣೆ ಹಾಕಿಕೊಂಡು ಕೂತಳು, ಅವಳ ಪಕ್ಕದಲ್ಲಿ ತಬಸ್ಸುಮ್. ಹಕ್ಕಿಯನ್ನು ಮುಟ್ಟಿ ಹೆದರಿಸುವುದು ಬೇಡ, ಅಕ್ಕನ ಕಿವಿಯೇ ಸಾಕೆಂದು ಡಾಕ್ಟರು ತೀರ್ಮಾನಿಸಿದ್ದರು. ಅಕ್ಕ ಆಗಾಗ ಬೆರಳೆತ್ತಿ ಬಡಿತ ಹೇಗಿದೆಯೆಂದು ಹೇಳುತ್ತಿದ್ದಳು. ತಬಸ್ಸುಮ್ ಹಿಕ್ಕೆಯ ಬಣ್ಣ ನೋಡುತ್ತಿದ್ದರು, ಕತ್ತು ಜೋಲುತ್ತಿದೆಯೇ ನೋಡುತ್ತಿದ್ದರು. ಹಳೆ ಮದ್ದು ತಿಂದ ಹದ್ದುಗಳ ಕತ್ತು ಮೊದಲು ಜೋಲುತ್ತಿತ್ತಂತೆ. ನಾನು ಊಟ ತಂದರೆ ಒಬ್ಬರ ಡಬ್ಬಿಯಿಂದ ಇನ್ನೊಬ್ಬರು ತಿನ್ನುತ್ತಿದ್ದರು.

ಮಾರನೆಯ ದಿನ ಊಟದ ಹೊತ್ತಿಗೆ ಅಕ್ಕ ಕೈತುತ್ತನ್ನು ಅರ್ಧಕ್ಕೇ ಕೆಳಗಿಟ್ಟಳು. "ನಿಧಾನ ಆಯ್ತಾ ಅದೆ," ಅಂದಳು. ತಬಸ್ಸುಮ್ ಚಂಗನೆ ಎದ್ದರು. ಹದ್ದಿನ ತಲೆ ಎದೆಯ ಮೇಲೆ ಇಳಿಯುತ್ತಿತ್ತು. "ಇನ್ನೂ ನಿಧಾನ." ನಾನು ತಬಸ್ಸುಮ್ ಮುಖ ನೋಡಿದೆ. ಎಷ್ಟೋ ಸಾವು ನೋಡಿದ ನನಗೆ ಅಂಥ ಮುಖ ಗೊತ್ತು, ಹೆರಿಗೆ ಕೋಣೆಯಿಂದ ಹೊರಬರುವ ಡಾಕ್ಟರುಗಳ ಮುಖ. ಅವರು ಬಲೆಯ ಬಾಗಿಲಿಗೆ ಕೈಹಾಕಿದರು. "ನನ್ನ ತಪ್ಪು, ನನ್ನ ತಪ್ಪು..." ಅನ್ನುತ್ತಿದ್ದರು. ಅಕ್ಕ ಕಣ್ಣು ಮುಚ್ಚಿ ಇನ್ನೂ ಕೇಳುತ್ತಲೇ ಇದ್ದಳು. ಆಮೇಲೆ ಅವರ ಸೆರಗು ಹಿಡಿದು ಎಳೆದಳು.

"ತಡೀರಿ ಮೇಡಂ, ಒಳಕ್ಕೆ ಹೋಗಬ್ಯಾಡಿ. ಇದು ನಂಗೊತ್ತು. ಮೇಲೆ ತೇಲೋವಾಗ ಹಿಂಗೇ ಇರ್ತದೆ. ಹೊಟ್ಟೆ ತುಂಬಿ ನಿದ್ದೆ ಹೋಗದೆ ಮುಂಡೇದು, ಕನಸಲ್ಲಿ ಹಾರ್ತಾ ಅದೆ."

ತಬಸ್ಸುಮ್ ಬಾಗಿಲಿನಿಂದ ಕೈ ತೆಗೆದರು. ಕನ್ನಡಕ ತೆಗೆದು ಮುಖ ಒರೆಸಿಕೊಂಡರು. ಒರೆಸಿದಷ್ಟೂ ಒದ್ದೆಯಾಗುತ್ತಿತ್ತು. ಸ್ವಲ್ಪ ಹೊತ್ತಿಗೆ ಹದ್ದು ತಲೆ ಎತ್ತಿ, ಮೈಕೊಡವಿ, ನಮ್ಮನ್ನು ಲೆಕ್ಕಕ್ಕಿಲ್ಲದವರ ಹಾಗೆ ನೋಡಿ, ಇನ್ನೊಂದು ಮೂಳೆಗೆ ಬಾಯಿ ಹಾಕಿತು.

"ಒಂದು ಹಕ್ಕಿಯಿಂದ ಏನೂ ಸಾಬೀತಾಗಲ್ಲ," ಎಂದು ತಬಸ್ಸುಮ್ ಆ ವಾರ ಪೂರ್ತಿ ಎಲ್ಲರಿಗೂ ಹೇಳುತ್ತಿದ್ದರು. ಅದು ನಿಜ. ಆದರೆ ಅಕ್ಕ ಮೊದಲು ಕೂತದ್ದನ್ನು ನೋಡಿ ಇನ್ನುಳಿದ ಹದ್ದಿನ ಕಿವಿಯವರು ತಾವಾಗಿಯೇ ಬಂದರು. ಸೈಕಲ್ ಶಾಪಿನ ಮಲ್ಲೇದೇವರು ಬಂದ, ಕಾಲೇಜು ಓದುವ ಚಂಪಕಮಾಲಾ ತಂದೆಯ ಜೊತೆ ಜಗಳವಾಡಿಕೊಂಡು ಬಂದಳು. ಅವರವರ ಹಕ್ಕಿಗಳನ್ನು ಹಿಡಿದು ತಂದು ತಿನ್ನಿಸಿ ನೋಡಿದರು. ಎಲ್ಲವೂ ಬದುಕಿದವು. ತಬಸ್ಸುಮ್ ದೂರದ ಸಂಶೋಧಕರಿಗೂ ತಿಳಿಸಿದರು. ಬೇರೆ ಸೀಮೆಯ ಹದ್ದುಗಳ ಮೇಲೂ ಪರೀಕ್ಷೆಯಾಗಿ ಅದೇ ಉತ್ತರ ಬಂತು.

ಆಮೇಲೆ ಮತ್ತೆ ಪಂಚಾಯಿತಿ ಕಟ್ಟೆ. ಈ ಸಲ ತಬಸ್ಸುಮ್ ಪುಟ್ಟಬಸಪ್ಪನ ಅಣ್ಣನ ಎತ್ತನ್ನೇ ಎದುರಿಗೆ ನಿಲ್ಲಿಸಿದ್ದರು. ಹೊಸ ಮದ್ದಿನಿಂದ ಎದ್ದಿತ್ತು, ಆದರೆ ಒಂದು ದಿನ ತಡವಾಗಿ. ಆ ಒಂದು ದಿನದ ಮೇಲೇ ಗಲಾಟೆ ಶುರುವಾಯಿತು. ಅಕ್ಕ ಹೆಂಗಸರ ನಡುವಿನಿಂದ ಎದ್ದಳು. ಹೆಚ್ಚು ಮಾತಾಡಿದವಳಲ್ಲ. "ಒಂದಿನ ತಡ ಆಯ್ತದೆ, ನಿಜ," ಅಂದಳು. "ಆ ಒಂದಿನ ನಿಮ್ ಎತ್ತಿನ ಪಕ್ಕ ಕೂತ್ಕಳಿ. ನಾನು ನನ್ ಹದ್ದಿನ ಪಕ್ಕ ಕೂತಿದ್ದೆ. ಏನೂ ನಷ್ಟ ಆಗ್ಲಿಲ್ಲ ನಂಗೆ." ಔಷಧಿ ಅಂಗಡಿ ಪ್ರಭುಸ್ವಾಮಿ ಎದ್ದು ಹೋದ. ಸಿಟ್ಟು ಬಂತೇನೋ ಅಂದುಕೊಂಡೆವು. ಅವನು ಅಂಗಡಿಯಿಂದ ಏಳಿಸೋ ಮದ್ದಿನ ಪೆಟ್ಟಿಗೆಗಳನ್ನೆಲ್ಲ ಕೈಗಾಡಿಯ ಮೇಲೆ ಹೇರಿಕೊಂಡು ಬಂದು ತಬಸ್ಸುಮ್ ಎದುರಿಗೆ ಇಳಿಸಿದ. "ನಮ್ಮವ್ವ ಎಷ್ಟು ವರ್ಷದಿಂದ ನಿದ್ದೆ ಮಾಡಿಲ್ಲ," ಅಂದ. "ಮಾರ್ತಾ ಇದ್ದೋನು ನಾನೇ. ಗೊತ್ತಿರ್ಲಿಲ್ಲ. ಈಗ ಗೊತ್ತಾಯ್ತಲ್ಲ." ಅದಾದ ಮೇಲೂ ಕೆಲವರು ಕದ್ದುಮುಚ್ಚಿ ಹೊರಗಿನಿಂದ ತರಿಸಿದರು. ತಬಸ್ಸುಮ್ ಅವರ ಕೊಟ್ಟಿಗೆಗಳಿಗೂ ಹೋದರು, ಜಗಳವಾಡದೆ ಹೋದರು, ಬೇಸರಿಸದೆ ಹೋದರು. ಒಂದು ವರ್ಷ ಕಳೆಯುವ ಹೊತ್ತಿಗೆ ಊರಿನಲ್ಲಿ ಆ ಮದ್ದಿನ ಹೆಸರು ಹೇಳುವವರು ಇರಲಿಲ್ಲ.

ಹದ್ದುಗಳನ್ನು ಗುಡ್ಡಕ್ಕೆ ಬಿಟ್ಟ ದಿನ ಅಕ್ಕ ಬರಲಿಲ್ಲ, ಗಿರಣಿಯಲ್ಲಿ ಜನ ಕಾಯುತ್ತಿದ್ದರು. ಅವು ಮೇಲೇರಿದ ಕ್ಷಣ ಮಾತ್ರ ಅವಳು ಹಿಟ್ಟಿನ ಚೀಲ ಹಿಡಿದವಳು ಹಾಗೇ ನಿಂತುಬಿಟ್ಟಳಂತೆ, ರಾಜಮ್ಮಣ್ಣಿ ಹೇಳಿದಳು. ಅದಾದ ಎರಡನೇ ಚಳಿಗಾಲ. ನಾನು ಗುರುಸಿದ್ದಮ್ಮನ ಮನೆಯ ಜಗುಲಿಯಲ್ಲಿ ಕೂತು ಅವರ ತೋಳಿಗೆ ರಕ್ತದೊತ್ತಡ ನೋಡುವ ಪಟ್ಟಿ ಸುತ್ತುತ್ತಿದ್ದೆ. ಅವರು ನನ್ನ ಕೈಯನ್ನು ತಟ್ಟನೆ ತಳ್ಳಿದರು.

"ಏನಾಯ್ತಜ್ಜಿ?"

"ಏನೋ ಐತೆ," ಅಂದರು. ಬಾಯಿ ತೆರೆದೇ ಇತ್ತು. "ಸಣ್ಣಕೆ. ಭಾಳ ಸಣ್ಣಕೆ. ಹೊರಗಡೆದಲ್ಲ."

ಪ್ರಭುಸ್ವಾಮಿ ಅಂಗಡಿ ಬಿಟ್ಟು ಓಡಿಬಂದ. ತಬಸ್ಸುಮ್‌ಗೆ ಹೇಳಿಕಳಿಸಿದೆವು. ಅವರು ನಾವಿದ್ದ ಕಡೆ ಬರದೆ ಸೀದಾ ಗುಡ್ಡಕ್ಕೆ ಹೋಗಿ, ಬಂಡೆಯ ಎದುರು ದುರ್ಬೀನು ಹಿಡಿದು ಬಹಳ ಹೊತ್ತು ಕೂತಿದ್ದರಂತೆ. ಬಂಡೆಯ ಚಾಚಿನ ಮೇಲೆ ಕಡ್ಡಿಗಳ ಒಂದು ಗೂಡು, ಅದರ ಮೇಲೆ ರೆಕ್ಕೆ ಹರಡಿ ಕೂತ ಹದ್ದು. ಸಂಜೆ ಇಳಿದು ಬಂದಾಗ ಅವರ ಸೀರೆಗೆಲ್ಲ ಮುಳ್ಳು ಅಂಟಿತ್ತು.

"ಮೊಟ್ಟೆ ಇದೆ," ಅಂದರು. "ಇನ್ನೂ ಒಡೆದಿಲ್ಲ." ಗುರುಸಿದ್ದಮ್ಮನ ಎದುರು ಮೊಣಕಾಲೂರಿ ಕೂತರು. ಇಷ್ಟು ವರ್ಷ ಎಲ್ಲವನ್ನೂ ಕುಯ್ದು ನೋಡಿ, ಅಳೆದು ನೋಡಿ ತಿಳಿದುಕೊಂಡ ಹೆಂಗಸು, ಮಗುವಿನ ಹಾಗೆ ಕೇಳಿದರು. "ಹೇಗಿದೆ ಅಜ್ಜಿ ಅದು? ನನಗೆ ಹೇಗಿದೆ ಅಂತ ಹೇಳಿ."

ಗುರುಸಿದ್ದಮ್ಮ ಡಾಕ್ಟರ ಬಲಗೈ ಎಳೆದುಕೊಂಡು ಅಂಗೈ ಮೇಲೆ ಮಾಡಿ ತಮ್ಮ ಮಡಿಲಲ್ಲಿಟ್ಟುಕೊಂಡರು. ಕಣ್ಣು ಮುಚ್ಚಿ, ತೋರುಬೆರಳ ತುದಿಯಿಂದ ಅದರ ನಡುವೆ ತಟ್ಟತೊಡಗಿದರು, ಟಕಟಕಟಕ ಟಕಟಕಟಕ, ಅಷ್ಟು ಬೇಗ, ಅಷ್ಟು ಹಗುರ. ತಬಸ್ಸುಮ್ ಉಸಿರಾಡಲೂ ಇಲ್ಲವೆನ್ನಿಸುವಷ್ಟು ಅಲುಗಾಡದೆ ಕೂತರು. ಒಳಗೆ ದೀಪ ಹಚ್ಚಿದರು, ಪ್ರಭುಸ್ವಾಮಿಯ ಹೆಂಡತಿ ಎಲ್ಲರಿಗೂ ಕಾಫಿ ತಂದಿಟ್ಟಳು. ಆ ಬೆರಳು ನಿಲ್ಲಲಿಲ್ಲ, ಅವರೂ ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.